ಅಟ್ಟಕ್ಕೆ ಹೆದರಿ ಕಡಲಿಗೆ ಹೋದ ಸಾಹಿತಿ

ಸೋಮವಾರದೊಳಗೆ ಕತೆ ಬೇಕೆಂದು ವಿಶೇಷಾಂಕದ ಸಂಪಾದಕರು ಎರಡು ಸಲ ಫೋನ್ ಮಾಡಿದ್ದರು. ನನಗೋ ಹದಿನೈದು ದಿನದಿಂದ ಒಂದಕ್ಷರ ಹುಟ್ಟಿರಲಿಲ್ಲ. ಹುಟ್ಟುವುದಾದರೂ ಹೇಗೆ? ಪೆನ್ನಿನ ಮುಚ್ಚಳ ತೆಗೆದರೆ ಸಾಕು, ಅಂಗಳದಿಂದ ನನ್ನ ಧರ್ಮಪತ್ನಿ ಮೀನಾಕ್ಷಿಯ ದನಿ ಏಳುತ್ತಿತ್ತು.

"ರೀ, ಕಾಯಿ ಕೀಳ್ಸಿ ಮೂರು ವಾರ ಆಯ್ತು. ಅಟ್ಟಕ್ಕೆ ಹಾಕ್ರೀ. ಹಿಂಗೇ ಬಿದ್ದಿದ್ರೆ ಮೊಳಕೆ ಬತ್ತವೆ."

ಎರಡು ಸಾವಿರ ತೆಂಗಿನಕಾಯಿ. ಏಣಿ ಹತ್ತಿ ಅಟ್ಟದ ಮೇಲೆ ಜೋಡಿಸಬೇಕು. ಅವು ಅಲ್ಲೇ ಹನ್ನೊಂದು ತಿಂಗಳು ಸುಖವಾಗಿ ಮಲಗಿ, ಒಳಗಿನ ನೀರೆಲ್ಲ ಇಂಗಿ, ಕೊಬ್ಬರಿಯಾಗುತ್ತವೆ. ಆಳು ಸಿಕ್ಕಿರಲಿಲ್ಲ. (ಮನೆಯಲ್ಲೇ ಒಬ್ಬ ಇದ್ದಾನೆಂಬುದು ಮೀನಾಕ್ಷಿಯ ವಾದ.)

"ಸಾಹಿತಿಗೆ ಪ್ರವಾಸ ಬೇಕು ಕಣೇ. ಮನಸ್ಸು ಹಗುರಾಗ್ಬೇಕು. ಕಡಲು ನೋಡಿದ್ರೆ ಕತೆ ತಾನಾಗೇ ಬತ್ತದೆ," ಎಂದೆ ಗಂಭೀರವಾಗಿ.

"ಕಡ್ಲಲ್ಲಿ ಏನೈತೆ? ನೀರು. ಅದು ನಮ್ ಕಾಯೊಳಗೂ ಐತೆ."

"ನಿನಗೆ ಅರ್ಥ ಆಗಾಕಿಲ್ಲ ಬುಡು."

"ಹೋಗ್ಬನ್ನಿ. ಕತೆ ಇಲ್ದೆ ಬಂದ್ರೆ ಮಾತ್ರ ಏಣಿ ಕಾಯ್ತಿರ್ತದೆ."

ಮಗಳು ಇಂಪನಾ ಕರಾವಳಿಯ ಒಂದು ಹೋಮ್‌ಸ್ಟೇಯಲ್ಲಿ ರೂಮ್ ಬುಕ್ ಮಾಡಿದಳು. ಫೋನ್ ನಂಬರ್ ಅವಳಮ್ಮನದು ಕೊಟ್ಟಳು. ಅದರಲ್ಲೇನೂ ಅಪಾಯ ಕಾಣಲಿಲ್ಲ.

ಮೊದಲ ದಿನ ಕಡಲ ಮುಂದೆ ಕುರ್ಚಿ ಹಾಕಿಸಿಕೊಂಡು ಕೂತೆ. ಅಲೆ ಬಂತು, ಹೋಯಿತು, ಮತ್ತೆ ಬಂತು. ಪ್ರೇರಣೆ ಬರಲಿಲ್ಲ. ಎದ್ದೆ, ಚಹಾ ಕುಡಿದೆ, ಮತ್ತೆ ಕೂತೆ, ಚಪ್ಪಲಿಯ ಮರಳು ಕೊಡವಿದೆ, ಕುರ್ಚಿ ತಿರುಗಿಸಿದೆ. ತಿರುಗಿಸಿದ್ದೇ ತಪ್ಪಾಯಿತು. ಹಿತ್ತಲಲ್ಲಿ ಹೋಮ್‌ಸ್ಟೇ ಯಜಮಾನರು ಚೆನ್ನಾಗಿ ಬಲಿತ ಕಾಯಿಗಳನ್ನು ಎರಡು ಹೋಳು ಮಾಡಿ ಬಿಸಿಲಿಗೆ ಹರಡುತ್ತಿದ್ದರು. ಇನ್ನೂ ಸುಲಿಯದ ದೊಡ್ಡ ರಾಶಿ ಪಕ್ಕದಲ್ಲಿತ್ತು. ನನಗೆ ಹೊಟ್ಟೆ ಉರಿದುಹೋಯಿತು.

"ಸ್ವಾಮಿ, ಇಂಥ ಕಾಯಿನ ಒಡೀತಾರೇನ್ರೀ?"

"ಎಣ್ಣೆಗೆ ಮಾರಾಯ್ರೆ. ಮತ್ತೆಂತ ಮಾಡುದು?"

"ಅಟ್ಟಕ್ಕೆ ಹಾಕ್ರೀ. ಉಂಡೆ ಕೊಬ್ಬರಿ ಆಯ್ತದೆ. ನಮ್ ತಿಪಟೂರು ಕಡೆ ಬಂದು ನೋಡಿ."

"ನಂಗೆ ಅದೆಲ್ಲ ಗೊತ್ತಿಲ್ಲ. ನೀವೇ ಒಮ್ಮೆ ತೋರ್ಸಿ."

ತೋರಿಸಿದೆ. ಮೂರು ದಿನ ತೋರಿಸಿದೆ. ಯಜಮಾನರು ನನ್ನ ಕುರ್ಚಿಯಲ್ಲಿ ಕೂತು ಕಡಲು ನೋಡುತ್ತಾ ತಲೆಯಾಡಿಸುತ್ತಿದ್ದರು. ನೋಟ್‌ಬುಕ್ಕನ್ನು ಅಲ್ಲಾಡುವ ಏಣಿಯ ಕಾಲಿಗೆ ಕೊಟ್ಟಿದ್ದೆ.

ಭಾನುವಾರ ಸೊಂಟ ಹಿಡಿದುಕೊಂಡು ಮನೆಗೆ ಬಂದೆ.

"ಕತೆ ಎಲ್ರೀ?"

"ಮನಸ್ಸೊಳಗೆ ಮಾಗ್ತಾ ಐತೆ."

"ಸೊಂಟಕ್ಕೇನಾಯ್ತು?"

"ಕೂತು ಕೂತು ಹಿಡ್ಕೊಂಡೈತೆ. ಚಿಂತನೆ ಅಂದ್ರೆ ಸುಮ್ನೇನಾ?"

ಮೀನಾಕ್ಷಿ ಫೋನ್ ಚಾಚಿದಳು. ಪರದೆಯ ಮೇಲೆ ನಾನು! ಪಂಚೆ ಎತ್ತಿ ಕಟ್ಟಿ, ಏಣಿಯ ನಡುವೆ, ಎರಡೂ ಕಂಕುಳಲ್ಲಿ ಕಾಯಿ. ಕೆಳಗೆ ಯಜಮಾನರ ಸಂದೇಶವಿತ್ತು: ‘ಹಾಲಸ್ವಾಮಿಯವರು ತುಂಬಾ ಒಳ್ಳೆಯ ಕೆಲಸಗಾರರು. ಮುಂದಿನ ಕೊಯ್ಲಿಗೂ ದಯವಿಟ್ಟು ಕಳಿಸಿಕೊಡಿ.’ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಎತ್ತಿದಾಗ ಅಟ್ಟಕ್ಕೆ ಏಣಿ ಹಾಕಿಯಾಗಿತ್ತು.

ಸೋಮವಾರ ಸಂಪಾದಕರ ಫೋನ್ ಬಂದಾಗ ನಾನು ಅಟ್ಟದ ಮೇಲೆ ಬಗ್ಗಿ ಕೂತಿದ್ದೆ. ಮೀನಾಕ್ಷಿ ಕೆಳಗಿನಿಂದ ಕಾಯಿ ಎತ್ತಿಕೊಡುತ್ತಿದ್ದವಳು ತಾನೇ ಫೋನ್ ತೆಗೆದಳು.

"ಅವ್ರು ಅಟ್ಟದ ಮೇಲವ್ರೆ ಸಾರ್. ಕತೆ ಈ ಸಲ ಆಗಾಕಿಲ್ಲ. ಬರೋ ವರ್ಷದ ವಿಶೇಷಾಂಕಕ್ಕೆ ಜಾಗ ಇಟ್ಟಿರಿ. ಅಷ್ಟೊತ್ಗೆ ಕಾಯೊಳಗಿನ ನೀರೂ ಇಂಗಿರ್ತದೆ, ಇವ್ರ ತಲೆಯೊಳಗಿಂದೂ."

ಸಂಪಾದಕರು ನಕ್ಕಿದ್ದು ಅಟ್ಟದ ಮೇಲಕ್ಕೂ ಕೇಳಿಸಿತು.