ಒಂದು ಫ್ಯೂಸು, ನಾಲ್ಕು ಒಲೆ

ಮನೆಗೆ ಕರೆಂಟು ಬಂದರೆ ಬೆಳಕು ಬರುತ್ತದೆ ಎನ್ನುವವರು ನಮ್ಮ ವಾಡೆಯಲ್ಲಿ ಒಂದು ವಾರ ಇದ್ದು ನೋಡಬೇಕಿತ್ತು. ಇವತ್ತಿನ ರಗಳೆ ಮುಗಿಯಿತು ಅನ್ನುವಷ್ಟರಲ್ಲಿ ನಾಳೆಯದು ಬಾಗಿಲಲ್ಲಿ ನಿಂತಿರುತ್ತಿತ್ತು. ಹುಬ್ಬಳ್ಳಿಯ ಕೇಶ್ವಾಪುರದ ಆ ವಾಡೆಯಲ್ಲಿ ನಾವು ನಾಲ್ಕು ಮನೆಯವರು. ಮಹಡಿಯ ಮೇಲೆ ಮಾಲಕರು, ಅರಳೆ ವ್ಯಾಪಾರದ ಸಾವಕಾರರು. ಕೆಳಗೆ ಒಬ್ಬ ವಕೀಲರು, ಒಬ್ಬ ಮಡಿಯ ಅಜ್ಜಿ, ಮತ್ತು ರೈಲ್ವೆ ಸ್ಟೇಶನ್ನಿನಲ್ಲಿ ಅಸಿಸ್ಟೆಂಟ್ ಮಾಸ್ತರನಾಗಿದ್ದ ನಾನು. ಎಲ್ಲರಿಗೂ ಸೇರಿ ಜಿನೆಯ, ಅಂದರೆ ಮಹಡಿಯ ಮೆಟ್ಟಿಲಿನ, ಕೆಳಗೆ ಒಂದೇ ಫ್ಯೂಸು.

ಯುದ್ಧದ ಕಾಲ. ಇದ್ದಿಲು ತುಟ್ಟಿ, ಸೀಮೆಎಣ್ಣೆ ಸಿಕ್ಕರೆ ಪುಣ್ಯ. ಹೀಗಾಗಿ ಒಬ್ಬರ ಹಿಂದೆ ಒಬ್ಬರು ಕರೆಂಟಿನ ಒಲೆ ತಂದರು. ನಾನು ತಂದದ್ದು ಅವ್ವನ ಸಲುವಾಗಿ. ಅವಳಿಗೆ ಉಬ್ಬಸ. ಕಟ್ಟಿಗೆಯ ಹೊಗೆ ಕುಡಿದ ದಿನ ಮಲಗಲಾರದೆ ಗೋಡೆಗೆ ಆತು ಕುಳಿತಿರುತ್ತಿದ್ದಳು. ಆದರೆ ಆ ಫ್ಯೂಸು ತಾಳುತ್ತಿದ್ದದ್ದು ಒಂದು ಸಲಕ್ಕೆ ಒಂದೇ ಒಲೆಯನ್ನು. ಇದನ್ನು ಹೇಳಿ ಹೇಳಿ ನನ್ನ ಗಂಟಲು ಹರಿಯಿತು.

ವಕೀಲರ ಕೆಟಲ್

ಒಂದು ಸಂಜೆ ಅವ್ವನ ಅನ್ನ ಅರ್ಧ ಬೆಂದಿತ್ತು. ಫಟ್ ಎಂದು ದೀಪ ಹೋಯಿತು, ಒಲೆಯೂ ಆರಿತು. ತಡಕಾಡುತ್ತ ವಕೀಲರ ಖೋಲಿಗೆ ಹೋದರೆ ಅವರು ಚಹಾಕ್ಕೆಂದು ಕರೆಂಟಿನ ಕೆಟಲ್ ಹಚ್ಚಿ ಕುಳಿತಿದ್ದರು.

"ವಕೀಲ್ರ, ನಮ್ಮ ಒಲಿ ಹತ್ತಿದಾಗ ಕೆಟಲ್ ಹಚ್ಚಬ್ಯಾಡ್ರಿ ಅಂತ ಎಷ್ಟ ಸಲ ಹೇಳಲ್ರಿ?"

"ನನ್ನ ಕೆಟಲ್ ನನ್ನ ಖೋಲ್ಯಾಗ ಅದ. ನಿಮ್ಮ ಒಲಿ ನಿಮ್ಮ ಅಡಗಿಮನ್ಯಾಗ ಅದ. ಒಂದರ ಮಾರಿ ಒಂದು ನೋಡಿಲ್ಲ. ಹಿಂಗಿದ್ದಾಗ ಎರಡೂ ಕೂಡಿ ಫ್ಯೂಸ್ ಸುಟ್ಟಾವ ಅಂತೀರಿ. ಸಾಕ್ಷಿ ಯಾರಿದ್ದಾರ, ಮಾಸ್ತರ?"

ಸಾಕ್ಷಿ ಎಲ್ಲಿಂದ ತರಲಿ? ನೋಡೇನೆಂದರೆ ಎಲ್ಲರಿಗೂ ಕತ್ತಲೆ.

ಮಡಿಯ ಸ್ವಿಚ್ಚು

ಅಜ್ಜಿಗೆ ಒಲೆಯ ಬಗ್ಗೆ ತಕರಾರಿರಲಿಲ್ಲ, ಕರೆಂಟಿನ ಬಗ್ಗೆ ಇತ್ತು. "ತಂತಿಯೊಳಗ ಬರ್ತದಂತ. ಯಾರ್ಯಾರ ಮನಿ ಹೊಕ್ಕು ಬಂದದೋ ಏನೋ!" ಅನ್ನುತ್ತಿದ್ದರು.

"ಕರೆಂಟಿಗೆ ಮೈಲಿಗಿ ಇಲ್ಲ ಅಜ್ಜಿ. ಒದ್ದಿ ಕೈಲೆ ಮಾತ್ರ ಮುಟ್ಟಬ್ಯಾಡ್ರಿ," ಎಂದು ಕೈಮುಗಿದು ಹೇಳಿದ್ದೆ.

ಮುಟ್ಟಲಿಲ್ಲ. ಮರುದಿನ ಬೆಳಿಗ್ಗೆ ಒದ್ದೆ ಸೀರೆಯಲ್ಲಿ ಬಂದು, ದೂರದಿಂದಲೇ, ಸ್ವಿಚ್ಚಿನ ಮೇಲೆ ಉದ್ಧರಣೆಯಿಂದ ನೀರು ಪ್ರೋಕ್ಷಣೆ ಮಾಡಿದರು! ಚರ್ ಎಂದು ನೀಲಿ ಕಿಡಿ ಹಾರಿ ಇಡೀ ವಾಡೆಯ ಕರೆಂಟು ಹೋಯಿತು. ನಾನು ಎದ್ದೆನೋ ಬಿದ್ದೆನೋ ಎಂದು ಓಡಿದೆ.

"ಅಜ್ಜಿ, ಜೀವ ಹೋಗ್ತಿತ್ತಲ್ರಿ!"

"ನನ್ನ ಜೀವಕ್ಕೇನಾಗ್ತದೋ! ನೀರು ಬಿದ್ದಕೂಡಲೆ ಅದು ಹೆಂಗ ಚೀರಿತು ನೋಡು. ಮೈಲಿಗಿ ಎಷ್ಟಿತ್ತಂತ ಈಗರೆ ತಿಳೀತಿಲ್ಲೋ?"

ಸಾವಕಾರರ ತಂತಿ

ಹೊಸ ಫ್ಯೂಸ್ ತಂತಿ ಹಾಕುತ್ತಿದ್ದೆ. ಸಾವಕಾರರು ಜಿನೆ ಇಳಿದು ಬಂದರು.

"ಮಾಸ್ತರ, ಈ ಕೂದಲೆಳಿ ಏನ್ ತಡಕೊಂತೈತ್ರಿ? ದಪ್ಪಂದು ಹಾಕ್ರಿ. ನಮ್ಮ ವಾಡೇಕ ಒಂದ್ ಮರ್ಯಾದಿ ಐತಿ."

"ಅದು ಸುಡಾಕಂತನ ಇರೂದ್ರಿ ಸಾವಕಾರ್ರ. ಅದು ಸುಟ್ಟರ ಮನಿ ಉಳೀತೈತಿ."

"ಸುಡಾಕಂತ ಯಾರರ ಸಾಮಾನು ಹಾಕ್ತಾರೇನ್ರಿ?"

ನಾನು ಡ್ಯೂಟಿಗೆ ಹೋದ ಮೇಲೆ ಅವರು ಅರಳೆಯ ಮೂಟೆ ಬಿಗಿಯುವ ಕಬ್ಬಿಣದ ತಂತಿಯನ್ನು ಅಲ್ಲಿ ಸಿಕ್ಕಿಸಿದರು. ಸಂಜೆ ನಾಲ್ಕೂ ಒಲೆ ಹೊತ್ತಿದವು. ಫ್ಯೂಸು ಅಲುಗಲಿಲ್ಲ. ಅದರ ಬದಲು ಗೋಡೆಯ ಮೇಲಿನ ವೈರು ಹೊಗೆಯಾಡಿತು, ಹೊರಗೆ ಕಂಬದ ಮೇಲೆ ಧಡ್ ಎಂದಿತು, ಇಡೀ ಓಣಿ ಕತ್ತಲಾಯಿತು. ಡ್ಯೂಟಿ ಮುಗಿಸಿ ಓಡಿ ಬಂದ ನನ್ನ ಬೆನ್ನು ತಟ್ಟಿ ಸಾವಕಾರರು ಅಂದರು: "ನೋಡ್ರಿ ಮಾಸ್ತರ, ಓಣೀದು ಹೋತು. ನಮ್ಮದು ಗಟ್ಟಿ ಐತಿ!"

ಒಂದೇ ಬಳೆ

ಕರೆಂಟು ಕಂಪನಿಯವನು ಬಂದು ವೈರು ಸರಿಮಾಡಿ, ಮತ್ತೆ ಸಣ್ಣ ತಂತಿಯನ್ನೇ ಹಾಕಿ, ಬೈದು ಹೋದ. ಬೈಗುಳ ತಿಂದ ಸಾವಕಾರರು ಅಂಗಳದಲ್ಲಿ ನಿಂತು ಸಾರಿದರು: "ಇನ್ನೊಮ್ಮೆ ಫ್ಯೂಸ್ ಹೋತಂದ್ರ ಎಲ್ಲಾರ ಒಲೀನೂ ಬಂದ್. ಬರೇ ದೀಪ!"

ಅವ್ವ ಮೂಲೆಯಲ್ಲಿದ್ದ ಹಳೆಯ ಕಟ್ಟಿಗೆ ಒಲೆಯ ಧೂಳು ಒರೆಸತೊಡಗಿದಳು. ನನಗೆ ಸಿಟ್ಟು ಬಂತು.

ಆಗ ಹೊಳೆದದ್ದು ರೈಲಿನ ಉಪಾಯ. ಒಂಟಿ ಹಳಿಯ ಮೇಲೆ ಎರಡು ಗಾಡಿ ಎದುರುಬದುರು ಬರಬಾರದೆಂದು ನಾವು ಡ್ರೈವರನ ಕೈಗೆ ಆ ಹಳಿಯ ಪರವಾನಗಿಯೆಂದು ಒಂದು ದೊಡ್ಡ ಬಳೆ ಕೊಡುತ್ತೇವೆ. ಬಳೆ ಇಲ್ಲದ ಗಾಡಿ ಹೊರಡುವಂತಿಲ್ಲ. ಅಂಥದೇ ಒಂದು ಕಬ್ಬಿಣದ ಬಳೆಯನ್ನು ಜಿನೆಯ ಕೆಳಗೆ ಮೊಳೆಗೆ ತೂಗುಹಾಕಿ ಹೇಳಿದೆ: ಬಳೆ ಯಾರ ಮನೆಯಲ್ಲೋ ಒಲೆ ಅವರದು. ಉಳಿದವರು ಕಾಯಬೇಕು.

ಜಗಳಗಳಾದವು. ಅಜ್ಜಿ ಬಳೆಯನ್ನು ತೊಳೆದು ದೇವರ ಮುಂದೆ ಇಟ್ಟು, ಯಾರೂ ಮುಟ್ಟಬೇಡಿ ಅಂದರು. ವಕೀಲರು ಮೊದಲ ಹಕ್ಕು ತಮ್ಮದೆಂದರು. ಆದರೂ ಇಡೀ ಶ್ರಾವಣ ಫ್ಯೂಸು ಹೋಗಲಿಲ್ಲ. ಅವ್ವ ಹಾಯಾಗಿ ಮಲಗಿದಳು.

ಒಂದು ಸಂಜೆ ಡ್ಯೂಟಿ ಮುಗಿಸಿ ಬರುತ್ತೇನೆ, ಓಣಿಯೆಲ್ಲ ಬೆಳಕು, ನಮ್ಮ ವಾಡೆ ಒಂದೇ ಕತ್ತಲೆ. ಸಾವಕಾರರು ಕಂದೀಲು ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಮಾಸ್ತರ, ದಿನಾ ಆ ಒಂದ್ ಬಳೀ ಸಲುವಾಗಿ ಎಲ್ಲಾರ ಜಗಳ ನೋಡಿ ಸಾಕಾತ್ರಿ. ಕಮ್ಮಾರಗ ಹೇಳಿ ಮನಿಗೊಂದು ಮಾಡಿಸಿಕೊಟ್ಟೆ. ಇವತ್ತ ಎಲ್ಲಾರೂ ಬಳಿ ಇಟಕೊಂಡ ಒಲಿ ಹಚ್ಯಾರ. ಒಬ್ಬರೂ ನಿಮ್ಮ ಕಾಯ್ದೆ ಮುರದಿಲ್ಲ. ಆದರೂ ಹೋತಲ್ರಿ?"

ನಾನು ಕಟ್ಟೆಯ ಮೇಲೆ ಕುಸಿದು ಕುಳಿತೆ. "ಬಳಿ ಒಂದ ಇರಬೇಕ್ರಿ ಸಾವಕಾರ್ರ. ಅದರ ಗುಟ್ಟ ಅದು. ರೈಲಿನ್ಯಾಗೂ ಹಂಗ. ಒಂದ್ ಗಾಡಿ ಬಳಿ ತರೂತನಕಾ ಇನ್ನೊಂದು ನಿಂತ ಇರತೈತಿ," ಅಂದೆ. ಆಮೇಲೆ ಜೀವ ಬಿಗಿಹಿಡಿದು ಕೇಳಿದೆ: "ಇನ್ನ ಅವ್ವನ ಒಲಿ ಬಂದ್ ಏನ್ರಿ?"

ಅವರು ಕಂದೀಲು ಎತ್ತಿ ನನ್ನ ಮುಖ ನೋಡಿದರು. "ಛೇ, ಒಲೀದೇನ್ ತಪ್ರಿ? ಬಳಿ ಮಾಡಿಸಿದಾಂವ ನಾನು. ಅವ್ವಾರ ಒಲಿ ಇರಲಿ ಬಿಡ್ರಿ." ಆಮೇಲೆ ದನಿ ತಗ್ಗಿಸಿ, ಬಹಳ ಮರುಕದಿಂದ ಅಂದರು: "ಅಲ್ರಿ ಮಾಸ್ತರ, ಅಷ್ಟ ದೊಡ್ಡ ರೈಲ್ವೇಕ್ಕ ಒಂದ ಬಳಿಯೇನ್ರಿ? ನಿಮ್ಮ ಗಾಡಿ ಯಾಕ ಲೇಟ್ ಬರತಾವಂತ ಇವತ್ತ ತಿಳೀತು ನೋಡ್ರಿ. ನಾಳೆ ನಿಮ್ಮ ದೊಡ್ಡ ಸಾಹೇಬರನ್ನ ಕರಕೊಂಡ ಬರ್ರಿ, ನಮ್ಮ ಕಮ್ಮಾರನ ಕಡಿಂದ ಒಂದ್ ಡಜನ್ ಹೊಡಿಸಿಕೊಡ್ತೇನಿ!"