ಏಳು ನಲವತ್ತರ ನಂಜನಗೂಡು ಬಸ್ಸು

"ಮಿಸ್, ಬೇಗ ಬನ್ನಿ! ಇವತ್ತು ನೀವು ನೋಡೋದು ಯಂತ್ರ ಅಲ್ಲ, ಸಾಕ್ಷಾತ್ ಮನುಷ್ಯ!"

ಕಾಂಪೌಂಡ್ ಗೋಡೆಯ ಆಚೆಯಿಂದ ಪಕ್ಕದ ಮನೆಯ ತೀರ್ಥಕುಮಾರ್ ಹೀಗೆ ಕೂಗಿದಾಗ ಸಂಜೆ ಆರು ಗಂಟೆ. ನಾನು ಆಗಷ್ಟೇ ಕುಕ್ಕರಿನಲ್ಲಿ ಬೇಳೆ ಇಟ್ಟಿದ್ದೆ.

"ಐದು ವಿಷಲ್ ಆಗ್ಲಿ, ಬರ್ತೀನಿ."

"ಇಲ್ಲಿಂದ್ಲೂ ವಿಷಲ್ ಕೇಳ್ಸುತ್ತೆ, ಬನ್ನಿ ಅಂದ್ರೆ!"

ಹೋದೆ. ವಿದ್ಯಾರಣ್ಯಪುರಂನ ನಮ್ಮ ರಸ್ತೆಯಲ್ಲಿ ನನ್ನನ್ನು ಕೂಗಿ ಕರೆಯುವವರು ಇರುವುದೇ ಅವರೊಬ್ಬರು. ಅದೂ ಏನಾದರೂ ಹೊಸದು ಮಾಡಿದಾಗ ಮಾತ್ರ. ಹೋದ ವರ್ಷ ಅವರು ಮಾಡಿದ 'ತಾನೇ ಗುಡಿಸುವ ಪೊರಕೆ' ಅವರ ಮನೆ ಗುಡಿಸಿ, ಗೋಡೆ ಹಾರಿ ನಮ್ಮ ಮನೆ ಗುಡಿಸಿ, ಎದುರು ಮನೆಯ ಮದುವೆ ಚಪ್ಪರವನ್ನೂ ಗುಡಿಸಿ, ಅಷ್ಟೂ ಕಸವನ್ನು ಹೊತ್ತು ತಂದು ಅವರ ಹಾಸಿಗೆಯ ಮೇಲೆ ಸುರಿದಿತ್ತು. ಅದರಲ್ಲಿ ಮದುಮಗನ ಒಂದು ಚಪ್ಪಲಿಯೂ ಇತ್ತು!

ಈ ಸಲ ನಡುಮನೆಯಲ್ಲಿ ಇದ್ದದ್ದು ಚಕ್ರದ ಕುರ್ಚಿಯ ಮೇಲೆ ಕೂರಿಸಿದ ಒಂದು ಹಾಲಿನ ಕ್ಯಾನು. ಕ್ಯಾನಿಗೆ ಎರಡು ಟಾರ್ಚಿನ ಕಣ್ಣು, ಹಳೆಯ ರೇಡಿಯೋದ ಬಾಯಿ. ಪಕ್ಕದಿಂದ ಒಂದೇ ಒಂದು ಕೈ, ಅದಕ್ಕೆ ಛತ್ರಿಯ ಕಡ್ಡಿಗಳಿಂದ ಮಾಡಿದ ಐದು ಬೆರಳು. ಎದುರಿನ ಮೇಜಿನ ಮೇಲೆ ನಾನು ಮರೆತೇ ಹೋಗಿದ್ದ ಆ ಹಳೆಯ ಡಬ್ಬಿ ಕಂಪ್ಯೂಟರ್.

"ಗುರುತು ಸಿಕ್ತಾ ಮಿಸ್?" ಎಂದರು ತೀರ್ಥಕುಮಾರ್. ಅರವತ್ತಮೂರು ವರ್ಷದ ಮುಖದಲ್ಲಿ ಮೊದಲ ಬಹುಮಾನ ಬಂದ ಹುಡುಗನ ನಗು. "ಶಿವಮಲ್ಲು!"

ನಾನು ಸ್ಟೂಲು ಎಳೆದುಕೊಂಡು ಕೂತೆ.

ಈ ಶಿವಮಲ್ಲು ಯಾರೆಂದು ಹೇಳಬೇಕು. ಮೂವತ್ತು ವರ್ಷದ ಹಿಂದೆ ಇದೇ ಮೈಸೂರಿನಲ್ಲಿ ಒಂದು ಮಹಡಿಯ ಅರ್ಧ ಭಾಗ ನನ್ನ 'ಸುಗುಣಾ ಕಮರ್ಷಿಯಲ್ ಇನ್‌ಸ್ಟಿಟ್ಯೂಟ್'. ಇನ್ನರ್ಧ ತೀರ್ಥಕುಮಾರರ ಕಂಪ್ಯೂಟರ್ ಸೆಂಟರ್. ನಡುವೆ ಪ್ಲೈವುಡ್ಡಿನ ಗೋಡೆ. ಈ ಕಡೆ ನಾನು ಹದಿನಾರು ಟೈಪ್‌ರೈಟರುಗಳ ನಡುವೆ ಮರದ ಸ್ಕೇಲು ಹಿಡಿದು ಓಡಾಡುತ್ತಿದ್ದರೆ, ಆ ಕಡೆ ಪಾಠ ಮುಗಿದ ಮೇಲೆ ಇವರು ಮತ್ತು ನಂಜನಗೂಡಿನಿಂದ ಐದೂವರೆ ಬಸ್ಸಿಗೆ ಬರುತ್ತಿದ್ದ ಶಿವಮಲ್ಲು ಒಂದು ಬಾಹ್ಯಾಕಾಶದ ಆಟ ಆಡುತ್ತಿದ್ದರು. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಉದ್ದದ ಹೆಸರಿತ್ತು. ಇವರು ಕರೆಯುತ್ತಿದ್ದುದು 'ನಕ್ಷತ್ರದ ಸಂತೆ' ಎಂದು. ಒಂದು ಹಡಗು, ಒಂದು ನಕ್ಷತ್ರದಲ್ಲಿ ಜೋಳ ತುಂಬಿಕೊಂಡು ಇನ್ನೊಂದರಲ್ಲಿ ಕೊಟ್ಟು ಕಬ್ಬಿಣ ತರುವುದು, ದಾರಿಯಲ್ಲಿ ಕಳ್ಳರು ಬಂದರೆ ಗುಂಡು ಹಾರಿಸುವುದು. ಎಲ್ಲಕ್ಕಿಂತ ಕಷ್ಟದ್ದು ಕೊನೆಗೆ ನಿಲ್ದಾಣ ಸೇರುವುದು. ನಿಲ್ದಾಣ ಬುಗುರಿಯ ಹಾಗೆ ತಿರುಗುತ್ತಿರುತ್ತದೆ, ಅದರ ಬಾಗಿಲು ಅಂಚೆಪೆಟ್ಟಿಗೆಯ ಬಾಯಿಯಷ್ಟೇ ಇರುತ್ತದೆ.

ಇದ್ದದ್ದು ಒಂದೇ ಕೀಬೋರ್ಡು, ಆಡುವವರು ಇಬ್ಬರು. ಹಾಗಾಗಿ ಅಣ್ಣತಮ್ಮಂದಿರು ಹೊಲ ಹಂಚಿಕೊಂಡಂತೆ ಹಂಚಿಕೊಂಡಿದ್ದರು. ಬಲಗಡೆಯ ಬಾಣದ ಕೀಗಳು ತೀರ್ಥಕುಮಾರರವು: ಹಡಗು ತಿರುಗಿಸುವುದು. ಎಡಗಡೆಯ ಅಕ್ಷರಗಳು ಶಿವಮಲ್ಲುವಿನವು: ವೇಗ ಮತ್ತು ಗುಂಡು. ಹಡಗು ಒಡೆದಾಗಲೆಲ್ಲ ಜಗಳ ಶುರು!

"ನೀನು ವೇಗ ಇಳಿಸ್ಲಿಲ್ಲ!"

"ನೀನ್ ತಿರುಗ್ಸಿದ್ದೇ ತಡ ಕಣ್ಲಾ!"

ನಾನು ಸ್ಕೇಲಿನಿಂದ ಪ್ಲೈವುಡ್ಡಿಗೆ ಬಡಿದು, "ಇಲ್ಲಿ ಟೈಪಿಂಗ್ ಸೀನಿಯರ್ ಪರೀಕ್ಷೆಗೆ ಕೂತಿದಾರ್ರೀ!" ಎಂದು ಕಿರುಚುತ್ತಿದ್ದೆ. ತಪ್ಪು ಯಾರದು ಎಂದು ತೀರ್ಮಾನಿಸಲು ತೀರ್ಥಕುಮಾರ್ ಒಂದು ಪ್ರೋಗ್ರಾಮನ್ನೇ ಬರೆದಿಟ್ಟರು. ಯಾರು ಯಾವ ಕೀಯನ್ನು ಯಾವ ಕ್ಷಣದಲ್ಲಿ ಒತ್ತಿದರು ಎಂಬುದೆಲ್ಲ ಫ್ಲಾಪಿಯಲ್ಲಿ ದಾಖಲಾಗುತ್ತಿತ್ತು. ಎರಡು ವರ್ಷದ ಜಗಳ, ಮೂರು ಬಿಸ್ಕತ್ ಡಬ್ಬಿ ತುಂಬ! ಆಮೇಲೆ ಒಂದು ಮಳೆಗಾಲದಲ್ಲಿ ಶಿವಮಲ್ಲು ಬರುವುದು ನಿಂತಿತು. ಯಾಕೆಂದು ನಾನು ಕೇಳಲಿಲ್ಲ, ಅವರು ಹೇಳಲಿಲ್ಲ. ಹೋದ ವರ್ಷ ಪತ್ರಿಕೆಯ ಶ್ರದ್ಧಾಂಜಲಿ ಪುಟದಲ್ಲಿ ಅವನ ಫೋಟೋ ಬಂದಿತ್ತು.

"ಆ ಫ್ಲಾಪಿಗಳನ್ನೆಲ್ಲ ಇದಕ್ಕೆ ತಿನ್ನಿಸಿದೀನಿ," ಎಂದರು ತೀರ್ಥಕುಮಾರ್. "ಅವನ ಬಗ್ಗೆ ನನಗೆ ಗೊತ್ತಿರೋದನ್ನೂ ನಲವತ್ತು ಪುಟ ಬರೆದು ಹಾಕಿದೀನಿ. ಬೈಗುಳಾನೂ ಬಿಟ್ಟಿಲ್ಲ!"

"ಇಷ್ಟೆಲ್ಲ ಯಾಕ್ರೀ? ಒಬ್ಬರೇ ಆಡಬಾರದಾ?"

"ನನ್ನ ಎಡಗೈಗೆ ಆ ಕೆಲಸ ಗೊತ್ತೇ ಇಲ್ಲ ಮಿಸ್." ಅವರು ಪರದೆ ತೋರಿಸಿದರು. ಕಪ್ಪು ಆಕಾಶ, ಬಿಳಿ ಗೆರೆಗಳ ನಿಲ್ದಾಣ. "ನಮ್ಮ ಹಡಗು ಕೊನೇ ನಿಲ್ದಾಣದ ಬಾಗಿಲಲ್ಲಿದೆ. ಇದೊಂದು ಸೇರಿಬಿಟ್ರೆ ಆಟ ಮುಗೀತು. ಫ್ಲಾಪಿಯಲ್ಲಿ ಉಳಿಸಿಟ್ಟಿದ್ದೆ, ಒಡೆದ್ರೂ ಮತ್ತೆ ಅಲ್ಲಿಂದ್ಲೇ ಶುರು. ಇಪ್ಪತ್ತೆಂಟು ವರ್ಷದಿಂದ ಹಾಗೇ ನಿಂತಿದೆ. ಅವನಿಲ್ಲದೆ ಒಳಗೆ ಹೋಗೋಕೆ ಮನಸ್ಸು ಬರಲಿಲ್ಲ."

ಅವರು ಗುಂಡಿ ಒತ್ತಿದರು. ಟಾರ್ಚಿನ ಕಣ್ಣು ಹೊತ್ತಿತು. "ಏನ್ಲಾ ತೀರ್ಥ, ಊಟ ಆಯ್ತಾ?" ಎಂದಿತು ಕ್ಯಾನು. ಅದೇ ಧಾಟಿ! ತೀರ್ಥಕುಮಾರ್ ಕಣ್ಣೊರೆಸಿಕೊಂಡು ಬಾಣದ ಕೀಗಳ ಮೇಲೆ ಕೈ ಇಟ್ಟರು. ಛತ್ರಿ ಕಡ್ಡಿಗಳು ಟಕಟಕ ಎಂದು ಎಡಗಡೆ ಕುಣಿದವು.

ಸರಿಯಾಗಿ ಆಗ ನಮ್ಮ ಮನೆಯಲ್ಲಿ ಕುಕ್ಕರ್ ಕೂಗಿತು.

"ಕಳ್ರು ಬಂದ್ರು ಕಣ್ಲಾ!" ಎಂದು ಕ್ಯಾನು ಗರ್ರನೆ ಕಿಟಕಿಯ ಕಡೆ ತಿರುಗಿತು. ಕುರ್ಚಿಯ ಕೆಳಗಿನಿಂದ ಢಬ್ ಎಂದು ಒಂದು ಟೆನಿಸ್ ಚೆಂಡು ಹಾರಿ, ಗೋಡೆ ದಾಟಿ ನಮ್ಮ ಅಡುಗೆಮನೆಯ ಕಿಟಕಿಯಲ್ಲಿ ನುಗ್ಗಿತು.

"ಅಯ್ಯಯ್ಯೋ! ಏನ್ರೀ ಅದು?"

"ಆಟ ನಿಜ ಅನ್ನಿಸ್ಲಿ ಅಂತ ಗುಂಡಿನ ವ್ಯವಸ್ಥೆ ಮಾಡಿದ್ದೆ. ಕಳ್ಳರು ಬಂದಾಗ ಆಟದಲ್ಲಿ ಹೀಗೇ ಶಿಳ್ಳೆ ಬರುತ್ತೆ..."

"ನಿಲ್ಸ್ರೀ ಅದನ್ನ!"

"ಎಷ್ಟು ವಿಷಲ್ ಅಂದ್ರಿ?"

"ಐದು!"

ಐದಕ್ಕೆ ಐದೂ ಗುರಿ ತಪ್ಪಲಿಲ್ಲ. ಮಜ್ಜಿಗೆ ಪಾತ್ರೆ, ಎಣ್ಣೆ ಜಾಡಿ, ಕ್ಯಾಲೆಂಡರು, ಸೊಪ್ಪಿನ ಬುಟ್ಟಿ. ಐದನೆಯದು ನೇರ ಕುಕ್ಕರಿಗೇ. ಬೇಳೆ ಬೆಂದಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ, ಏಕೆಂದರೆ ಅದು ಇನ್ನೂ ಸೂರಿನಲ್ಲಿದೆ.

ಮಾರನೆಯ ದಿನ ಚೆಂಡುಗಳನ್ನು ನಾನು ವಶಪಡಿಸಿಕೊಂಡು ಬೀರುವಿನಲ್ಲಿಟ್ಟೆ. ಆದರೆ ಆಟದಲ್ಲಿ ವ್ಯಾಪಾರವೂ ಇದೆ ಎಂಬುದನ್ನು ನಾವಿಬ್ಬರೂ ಮರೆತಿದ್ದೆವು. ಐದೂವರೆಗೆ ತೀರ್ಥಕುಮಾರ್ ಕಾಫಿ ಸೋಸುತ್ತಿದ್ದಾಗ ತರಕಾರಿ ಪುಟ್ಟಸಿದ್ದಮ್ಮನ ತಳ್ಳುಗಾಡಿ ಗೇಟಿನ ಮುಂದೆ ನಿಂತಿತು. ಕ್ಯಾನು ಉರುಳಿಕೊಂಡು ಹೋಗಿ ನಿಂತೇಬಿಟ್ಟಿತು.

"ಯಾವ ನಕ್ಷತ್ರದಿಂದ ಬಂದಿದ್ದೀರವ್ವಾ?"

"ಎಂ.ಜಿ. ರೋಡ್ ಮಾರ್ಕೆಟ್ಟಿಂದ ಕಣಪ್ಪ," ಎಂದಳು ಪುಟ್ಟಸಿದ್ದಮ್ಮ. ಆಕೆ ಯಾವುದಕ್ಕೂ ಹೆದರುವವಳಲ್ಲ. "ಸೀಮೆಬದನೆ ಐತೆ. ಏನ್ ಕೊಟ್ಟೀಯೆ?"

ನಾವು ಓಡಿ ಬರುವಷ್ಟರಲ್ಲಿ ಗಾಡಿಯ ಮೇಲೆ ತೀರ್ಥಕುಮಾರರ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೇಬಲ್ ಫ್ಯಾನು ಏರಿದ್ದವು. ಜಗುಲಿಯಲ್ಲಿ ಒಂದು ಮೂಟೆ ಸೀಮೆಬದನೆ.

"ಪುಟ್ಟಸಿದ್ದಮ್ಮ, ಅದು ಯಂತ್ರ! ಅದರ ಮಾತು ಲೆಕ್ಕಕ್ಕಿಲ್ಲ!"

"ಯಾಪಾರ ಅಂದ್ಮೇಲೆ ಯಾಪಾರ ಕನ್ ಸಾಮಿ. ನಿಮ್ಮನೇಲಿ ಮಾತಿಗೆ ಬೆಲೆ ಇರೋದು ಇವನೊಬ್ಬನಿಗೇಯ!" ಎಂದು ಗಾಡಿ ತಳ್ಳಿಕೊಂಡು ಹೋಗಿಯೇಬಿಟ್ಟಳು. ಆವತ್ತಿನಿಂದ ಎರಡು ಮನೆಯಲ್ಲೂ ಸೀಮೆಬದನೆ ಪಲ್ಯ, ಸೀಮೆಬದನೆ ಗೊಜ್ಜು, ಸೀಮೆಬದನೆ ಬಜ್ಜಿ.

ಅಂದು ಸಂಜೆಯೇ ನಿಜವಾದ ತೊಂದರೆ ಗೊತ್ತಾದದ್ದು. ಹಡಗು ನಿಲ್ದಾಣದ ಹತ್ತಿರ ಹತ್ತಿರ ಹೋಗುತ್ತಿತ್ತು. ನಾನೂ ಕುರ್ಚಿಯ ತುದಿಗೆ ಬಂದಿದ್ದೆ. "ಇಳಿಸು, ವೇಗ ಇಳಿಸು..." ಎನ್ನುತ್ತಿದ್ದರು ತೀರ್ಥಕುಮಾರ್. ಗಡಿಯಾರದಲ್ಲಿ ಏಳು ಇಪ್ಪತ್ತು. ಕ್ಯಾನು ಕೀಬೋರ್ಡಿನಿಂದ ಕೈ ತೆಗೆಯಿತು.

"ಬಸ್ಸಿಗ್ ಹೊತ್ತಾಯ್ತು ಕಣ್ಲಾ. ಬತ್ತೀನಿ."

ಹಡಗು ನಿಲ್ದಾಣಕ್ಕೆ ಬಡಿದು ಪುಡಿಯಾಯಿತು. ಕ್ಯಾನು ಗೇಟಿನವರೆಗೆ ಉರುಳಿ, ಚಿಲಕ ತೆಗೆಯಲು ಬಾರದೆ, ಎಂಟೂವರೆಯವರೆಗೆ ಗೇಟಿಗೆ ಢಣ್ ಢಣ್ ಎಂದು ಹಾಯುತ್ತಲೇ ಇತ್ತು.

ಶಿವಮಲ್ಲು ದಿನವೂ ಏಳು ನಲವತ್ತರ ಬಸ್ಸಿಗೆ ಹೋಗುತ್ತಿದ್ದ. ಅದು ತಪ್ಪಿದರೆ ನಂಜನಗೂಡಿನಿಂದ ಆಚೆ ಅವನ ಹಳ್ಳಿಗೆ ಹೋಗುವ ಕೊನೇ ಬಸ್ಸು ಸಿಗುತ್ತಿರಲಿಲ್ಲ. ಫ್ಲಾಪಿಗಳಲ್ಲಿ ಪ್ರತಿ ಸಂಜೆಯ ಕೊನೆಯ ಕೀ ಏಳು ಇಪ್ಪತ್ತರದ್ದು. ಯಂತ್ರ ಅವನನ್ನು ಅಷ್ಟು ಚೆನ್ನಾಗಿ ಕಲಿತಿತ್ತು!

"ಒಂದ್ ಹತ್ತು ನಿಮಿಷ ಸಾಕು ಮಿಸ್," ಎಂದರು ತೀರ್ಥಕುಮಾರ್. "ಇನ್ನೊಂದ್ ಹತ್ತೇ ನಿಮಿಷ ಕೂತಿದ್ರೆ ಆಗ್ಲೂ ಮುಗೀತಿತ್ತು."

ಮೂರನೆಯ ದಿನ ಅವರು ಬಾವಿ ಹಗ್ಗ ತಂದು ಕ್ಯಾನನ್ನು ಮೇಜಿನ ಕಾಲಿಗೆ ಬಿಗಿದರು. ನನಗೆ ಇಷ್ಟವಾಗಲಿಲ್ಲ, ಆದರೂ ಗಂಟು ಹಾಕಲು ಬೆರಳು ಒತ್ತಿ ಹಿಡಿದವಳು ನಾನೇ. ಏಳು ಇಪ್ಪತ್ತಾಯಿತು. ಪರದೆಯಲ್ಲಿ ನಿಲ್ದಾಣದ ಬಾಗಿಲು ಅಂಗೈಯಗಲ ಕಾಣುತ್ತಿತ್ತು. ಕ್ಯಾನು ಕೈ ತೆಗೆದು ಹೊರಡಲು ತಿರುಗಿತು. ಹಗ್ಗ ಜಗ್ಗಿತು. ಮತ್ತೆ ಜಗ್ಗಿತು. ಆಮೇಲೆ ಟಾರ್ಚಿನ ಕಣ್ಣುಗಳು ತೀರ್ಥಕುಮಾರರ ಕಡೆ ತಿರುಗಿದವು.

"ಒಂದ್ ಆಟಕ್ಕೆ ಮನ್ಸನ್ನ ಕಟ್ಟಾಕ್ತೀಯೇನ್ಲಾ?"

ತೀರ್ಥಕುಮಾರ್ ಆಟವನ್ನು ಇದ್ದಲ್ಲೇ ನಿಲ್ಲಿಸಿ, ಮಂಡಿಯೂರಿ ಗಂಟು ಬಿಚ್ಚಿದರು. ಹೋಗಿ ಗೇಟು ತೆರೆದರು. ಕ್ಯಾನು ಮುಂದೆ, ಅವರು ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಾನು ಅವರ ಹಿಂದೆ. ನಂಜನಗೂಡು ರಸ್ತೆಯವರೆಗೂ ಬೀದಿನಾಯಿಗಳ ಮೆರವಣಿಗೆ ನಮ್ಮ ಜೊತೆ ಬಂತು.

ಬಸ್ ಸ್ಟಾಪಿನಲ್ಲಿ ಅವರು ಬಾಯಿ ಬಿಟ್ಟರು.

"ಆ ಮಾತು ಅವನದೇ ಮಿಸ್. ನಲವತ್ತನೇ ಪುಟದಲ್ಲಿ ನಾನೇ ಬರೆದದ್ದು. ಕೊನೇ ದಿನ ಜೋರು ಮಳೆ. ಅವನು ಹೊರಡಬಾರದು ಅಂತ ನಾನು ಅವನ ಛತ್ರಿ ಬಚ್ಚಿಟ್ಟೆ. ಮನೇಲಿ ತಾಯಿಗೆ ಹುಷಾರಿರ್ಲಿಲ್ಲ, ಅದು ನಂಗೂ ಗೊತ್ತಿತ್ತು. ಅವನು ಹುಡುಕಿ ಹುಡುಕಿ, ಆಮೇಲೆ ಅರ್ಥವಾಗಿ, ಆ ಮಾತು ಹೇಳಿ, ನೆನ್ಕೊಂಡೇ ಹೋದ. ಮತ್ತೆ ಬರ್ಲಿಲ್ಲ. ನಂಜನಗೂಡು ಇಲ್ಲಿಂದ ಎಷ್ಟು ದೂರ ಮಿಸ್? ನಾಳೆ ಹೋಗಿ ಛತ್ರಿ ಕೊಟ್ಟು ಬರೋಣ, ನಾಳೆ ಹೋಗೋಣ ಅಂತ ಇಪ್ಪತ್ತೆಂಟು ವರ್ಷ ಕಳೆದೆ."

ನಾನು ಆ ಐದು ಬೆರಳುಗಳನ್ನು ನೋಡಿದೆ. ಯಾವ ಛತ್ರಿಯ ಕಡ್ಡಿಗಳೆಂದು ಕೇಳುವ ಅಗತ್ಯವಿರಲಿಲ್ಲ.

ಬಸ್ಸು ಬಂತು. ಕಂಡಕ್ಟರ್ ಬಾಗಿಲಲ್ಲಿ ನಿಂತು ಕ್ಯಾನನ್ನು ಮೇಲಿಂದ ಕೆಳಗೆ ನೋಡಿದ.

"ಹೆಂಗಸಾದ್ರೆ ಫ್ರೀ, ಗಂಡಸಾದ್ರೆ ಟಿಕೆಟ್, ಸಾಮಾನಾದ್ರೆ ಲಗೇಜು. ಇದೇನು ಯಜಮಾನ್ರೇ?"

"ನನ್ನ ಸ್ನೇಹಿತ," ಎಂದರು ತೀರ್ಥಕುಮಾರ್. "ಒಂದು ನಂಜನಗೂಡು ಕೊಡಿ."

ನಾನು ಒಂದು ಕಡೆ, ಅವರು ಒಂದು ಕಡೆ ಹಿಡಿದು ಹತ್ತಿಸಿದೆವು. ಅವರು ಕಿಟಕಿಯ ಹತ್ತಿರ ನಿಂತು, "ಹುಷಾರಾಗಿ ಹೋಗಿ ಬಾರೋ. ಛತ್ರಿ ನಿನ್ನ ಹತ್ರಾನೇ ಇದೆ," ಎಂದರು. "ಬತ್ತೀನಿ ಕಣ್ಲಾ," ಎಂದಿತು ಕ್ಯಾನು. ಬಸ್ಸು ಹೋದ ಮೇಲೂ ನಾವು ತುಂಬ ಹೊತ್ತು ಅಲ್ಲೇ ನಿಂತಿದ್ದೆವು. ನನಗೆ ಅಳು ಬಂತು; ಅತ್ತೆ.

ಮನೆಗೆ ಬಂದಾಗ ಪರದೆಯ ಮೇಲೆ ಹಡಗು ಹಾಗೇ ನಿಂತಿತ್ತು. ತೀರ್ಥಕುಮಾರ್ ಸ್ವಿಚ್ಚಿನ ಕಡೆ ಕೈ ಚಾಚಿದರು.

ಆಗ ನನಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು. ಅವರ ಮೇಲೋ ನನ್ನ ಮೇಲೋ ಗೊತ್ತಿಲ್ಲ. ಇನ್‌ಸ್ಟಿಟ್ಯೂಟ್ ಮುಚ್ಚಿ ಹದಿನೆಂಟು ವರ್ಷವಾಯಿತು. ಇವತ್ತಿಗೂ ನಿದ್ದೆ ಬರದಿದ್ದರೆ ನನ್ನ ಬೆರಳುಗಳು ದಿಂಬಿನ ಮೇಲೆ ಟೈಪು ಮಾಡುತ್ತಿರುತ್ತವೆ. ಓದುವವರು ಯಾರೂ ಇಲ್ಲದ ಕಾಗದಗಳು. ಈ ಮನುಷ್ಯ ಎಡಗೈಯ ಕೆಲಸಕ್ಕೆ ಜನ ಇಲ್ಲವೆಂದು ನಾಲ್ಕು ತಿಂಗಳು ಹಾಲಿನ ಕ್ಯಾನು ಕೊರೆದಿದ್ದಾರೆ!

"ಸರೀರಿ ಆ ಕಡೆ," ಎಂದು ಎಡಗಡೆಯ ಕುರ್ಚಿ ಎಳೆದುಕೊಂಡು ಕೂತೆ.

"ಮಿಸ್? ನಿಮಗೆ ಈ ಆಟ ಅಂದ್ರೆ ಆಗ್ತಿರ್ಲಿಲ್ವಲ್ಲ. ಗೋಡೆ ಬಡೀತಿದ್ರಿ..."

"ಪರೀಕ್ಷೆ ಇತ್ತು, ಬಡೀತಿದ್ದೆ. ಈಗ ಯಾವ ಪರೀಕ್ಷೆ ಇದೆ? ಒಂದು ಸಲ ಆಡೋಕೆ ಕರೆದು ನೋಡಿದ್ರಾ?"

"ವೇಗ ಇಳಿಸೋ ಕೀ ಎಲ್ಲಿದೆ ಅಂದ್ರೆ..."

"ಕೀ ಎಲ್ಲಿದೆ ಅಂತ ನನಗೆ ಹೇಳಿಕೊಡ್ತೀರಾ ನೀವು? ಯಾವುದು ಅಂತ ಹೇಳಿ ಸಾಕು!"

ಕಣ್ಣು ಮುಚ್ಚಿ ಒತ್ತಿದೆ. ಒಂದಕ್ಷರ ತಪ್ಪಲಿಲ್ಲ. ಹಡಗು ಮಾತ್ರ ಒಡೆದುಹೋಯಿತು.

"ನೀವು ವೇಗ ಇಳಿಸ್ಲಿಲ್ಲ!"

"ನೀವು ತಿರುಗ್ಸಿದ್ದು ತಡ!"

ಹೀಗೆ ಬೈದಾಡಲು ಒಬ್ಬರು ಸಿಕ್ಕಿ ನನಗೆ ಎಷ್ಟು ವರ್ಷವಾಗಿತ್ತೋ!

ವಾರದ ಮೇಲೆ ನಂಜನಗೂಡಿನ ಬಸ್ ನಿಲ್ದಾಣದಿಂದ ಫೋನ್ ಬಂತು. ಕ್ಯಾನಿನ ಬೆನ್ನಿನ ಮೇಲೆ ತೀರ್ಥಕುಮಾರರ ನಂಬರ್ ಬರೆದಿತ್ತಂತೆ. ವಾಪಸ್ ಕಳಿಸುತ್ತಾರೇನೋ ಅಂದುಕೊಂಡರೆ, ದಯವಿಟ್ಟು ಒಯ್ಯಬೇಡಿ ಎಂದು ಬೇಡಿಕೊಳ್ಳಲು ಮಾಡಿದ ಫೋನು! ನಮ್ಮ ಶಿವಮಲ್ಲು ಅಲ್ಲಿ ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು, ಒಳಗೆ ಬರುವ ಒಂದೊಂದು ಬಸ್ಸಿಗೂ "ಇಳ್ಸು, ಇಳ್ಸು, ಎಡಕ್ಕೆ ಕಣ್ಲಾ, ಹಾಂ, ಬಿಡು!" ಎಂದು ಕೈ ಆಡಿಸುತ್ತಾನಂತೆ. ಒಂದು ಬಸ್ಸಿಗೂ ಗೀರು ಬಿದ್ದಿಲ್ಲ. ಮಳೆ ಬಂದರೆ ಡ್ರೈವರುಗಳು ಅವನಿಗೆ ಛತ್ರಿ ಹಿಡಿಯುತ್ತಾರಂತೆ. ಅದನ್ನು ಕೇಳಿ ತೀರ್ಥಕುಮಾರ್ ಫೋನನ್ನು ಎದೆಗೊತ್ತಿಕೊಂಡರು. ಬರುವ ಭಾನುವಾರ ನಾವಿಬ್ಬರೂ ನೋಡಿ ಬರಲು ಹೋಗುತ್ತಿದ್ದೇವೆ. ಬುತ್ತಿಗೆ ಸೀಮೆಬದನೆ ಪಲ್ಯ ಅಂತ ಬೇರೆ ಹೇಳಬೇಕಾಗಿಲ್ಲ.

ಅಲ್ಲಿ ಅವನು ದಿನಕ್ಕೆ ಇನ್ನೂರು ಬಸ್ಸು ಸೇರಿಸುತ್ತಾನಂತೆ. ಇಲ್ಲಿ ನಾವು ಈವರೆಗೆ ಅರವತ್ತೊಂದು ಹಡಗು ಒಡೆದಿದ್ದೇವೆ. ಏಳು ಇಪ್ಪತ್ತಾದ ಕೂಡಲೇ ತೀರ್ಥಕುಮಾರ್ ಈಗಲೂ ಬೆಚ್ಚಿ ನನ್ನ ಕೈಗಳನ್ನೇ ನೋಡುತ್ತಾರೆ.

"ಪರದೆ ನೋಡ್ರೀ," ಎನ್ನುತ್ತೇನೆ. ಮನೆಗೆ ಹೋಗಲು ನಾನು ದಾಟಬೇಕಾದದ್ದು ಒಂದು ಕಾಂಪೌಂಡ್ ಗೋಡೆ. ಅದಕ್ಕೆ ಕೊನೇ ಬಸ್ಸು ಅಂತ ಇಲ್ಲ.