ಕದ್ದು ಓದಲಾಗದ ವಾಕ್ಯ

ಬೆಳಬೆಳಿಗ್ಗೆ ಸಂಶೋಧಕನ ಎದೆ ಧಸಕ್ಕೆಂದದ್ದು ಒಂದು ಕೆಂಪು ದೀಪ ನೋಡಿ.

ಕೆಳಗಿನ ಕೋಣೆಯಲ್ಲಿ ಒಂದು ಯಂತ್ರ, ಮಹಡಿಯ ಕೋಣೆಯಲ್ಲಿ ಅದರ ಜೊತೆಗಾರ. ಒಂದಕ್ಕೊಂದು ಹೆಣೆದುಕೊಂಡು ಹುಟ್ಟಿದ ಬೆಳಕಿನ ಕಣಗಳ ಜೋಡಿಯಲ್ಲಿ ಒಂದು ಇಲ್ಲೇ ಉಳಿದರೆ ಇನ್ನೊಂದು ಗಾಜಿನ ತಂತಿ ಹಿಡಿದು ಮೇಲಕ್ಕೆ. ಎರಡೂ ಕಡೆ ಅಳೆದ ಉತ್ತರಗಳು ತಾಳೆಯಾದರೆ ಅದೇ ಗುಟ್ಟಿನ ಬೀಗದ ಕೈ; ಆ ಬೀಗ ಹಾಕಿಯೇ ಸಂದೇಶ ಕಳಿಸುವುದು. ನಡುವೆ ಯಾರಾದರೂ ಇಣುಕಿದರೆ ತಾಳ ತಪ್ಪಿ ದೀಪ ಕೆಂಪಾಗುತ್ತದೆ. ಮಧ್ಯಾಹ್ನ ನಿರ್ದೇಶಕರು ನೋಡಲು ಬರುವವರಿದ್ದರು. ಅವನ ಕೆಲಸ ಕಾಯಂ ಆಗುವುದು ಅವರ ಒಂದು ಮಾತಿನ ಮೇಲೆ ನಿಂತಿತ್ತು.

"ಯಾರೋ ಕದ್ದು ನೋಡ್ತಿದಾರೆ!" ಎಂದು ಕೂಗಿದ್ದೇ ತಪ್ಪಾಯಿತು. ಇಡೀ ಕಚೇರಿ ಬಾಗಿಲಲ್ಲಿ ನೆರೆಯಿತು.

"ಕಳ್ಳನಾ? ಎಲ್ಲಿ?" ಲೆಕ್ಕಪತ್ರದ ಅಕ್ಕ ಮೇಜಿನಡಿಗೆ ನುಗ್ಗಿದರು.

"ಅಕ್ಕಾ, ತಂತಿ ಮುಟ್ಬೇಡಿ!"

"ಮುಟ್ಟಿಲ್ಲಪ್ಪಾ, ಸ್ವಲ್ಪ ಎಳೆದೆ ಅಷ್ಟೆ."

ಎರಡನೇ ದೀಪವೂ ಕೆಂಪಾಯಿತು.

ಕಾವಲುಗಾರ ಲಾಠಿಯಿಂದ ಕಪಾಟುಗಳನ್ನು ತಟ್ಟುತ್ತ ಕೇಳಿದ, "ಒಂದನ್ನ ನೋಡಿದ್ರೆ ಇನ್ನೊಂದರ ಉತ್ತರ ಗೊತ್ತಾಗತ್ತಾ ಸಾರ್? ಎಷ್ಟು ದೂರ ಇದ್ರೂ?"

"ಗೊತ್ತಾಗತ್ತೆ. ಆದ್ರೆ ಬರೀ ಅದರಿಂದ ಸುದ್ದಿ ಕಳಿಸೋಕಾಗಲ್ಲ."

"ನಾನೂ ನನ್ನ ಹೆಂಡ್ತಿನೂ ಹಾಗೇ ಸಾರ್. ಮುಖ ನೋಡಿದ್ರೆ ಎಲ್ಲಾ ಗೊತ್ತಾಗತ್ತೆ, ಮಾತು ಮಾತ್ರ ಇಲ್ಲ."

ಸಂಶೋಧಕ ತಂತಿಯ ಜಾಡು ಹಿಡಿದು ಮೆಟ್ಟಿಲೇರಿದ. ತಿರುವಿನಲ್ಲಿ ಯಾರೋ ಒದ್ದೆ ಛತ್ರಿಯನ್ನು ತಂತಿಗೇ ನೇತುಹಾಕಿದ್ದರು. ತಂತಿ ಮುದುಕನ ಬೆನ್ನಿನಂತೆ ಬಾಗಿತ್ತು.

"ಒಣಗಲಿ ಅಂತ ಹಾಕಿದ್ದೆ," ಎಂದರು ಗ್ರಂಥಪಾಲಕರು, ಬಟ್ಟೆ ಒಣಹಾಕುವ ಹಗ್ಗಕ್ಕೇ ಹಾಕಿದಷ್ಟು ಸಹಜವಾಗಿ.

ಛತ್ರಿ ತೆಗೆದು ತಂತಿ ಸರಿಪಡಿಸಿ ಕೆಳಗಿಳಿದು ನೋಡಿದರೆ ದೀಪಗಳು ಹಸಿರಾಗಿದ್ದವು. ಅವನಿಗೆ ಹೋದ ಜೀವ ಬಂದಂತಾಯಿತು. ಮಹಡಿಯ ಕೋಣೆಯಲ್ಲಿ ಯಂತ್ರದೆದುರು ಕೂತಿದ್ದ ಗೆಳೆಯನಿಗೆ ಪರೀಕ್ಷೆಗೆಂದು ಒಂದು ವಾಕ್ಯ ಕಳಿಸಬೇಕಿತ್ತು. ಖುಷಿಯಲ್ಲಿ ಕೈ ತಡೆಯಲಿಲ್ಲ: "ನಮ್ಮ ನಿರ್ದೇಶಕರ ತಲೆಯೊಳಗೆ ಎಷ್ಟು ಇಣುಕಿದರೂ ದೀಪ ಕೆಂಪಾಗದು. ಅಲ್ಲಿ ಕದಿಯಲು ಏನೂ ಇಲ್ಲ."

ಅಕ್ಕ ಬಾಯಿಯ ಮೇಲೆ ಕೈಯಿಟ್ಟುಕೊಂಡರು. "ಅಯ್ಯೋ, ಯಾರಾದ್ರೂ ಓದಿದ್ರೆ?"

"ಬ್ರಹ್ಮ ಬಂದ್ರೂ ದಾರೀಲಿ ಓದೋಕಾಗಲ್ಲಕ್ಕಾ!" ಎಂದು ಗುಂಡಿ ಒತ್ತಿದ. ದೀಪ ಮಿಸುಕದೆ ಹಸಿರಾಗಿಯೇ ಇತ್ತು.

ಮೇಜಿನ ಫೋನ್ ಬಡಿದುಕೊಂಡಿತು.

"ನಾನು ನಿರ್ದೇಶಕ, ಮಹಡಿಯಿಂದ ಮಾತಾಡ್ತಿದೀನಿ. ಸ್ವಲ್ಪ ಬೇಗ ಬಂದ್ಬಿಟ್ಟೆ. ನಿಮ್ಮ ಗೆಳೆಯರು ಕುರ್ಚಿ ಬಿಟ್ಟುಕೊಟ್ಟು ಟೀ ತರೋಕೆ ಹೋಗಿದಾರೆ."

ಸಂಶೋಧಕ ಆಗಲೇ ಒತ್ತಿದ್ದ ಗುಂಡಿಯನ್ನು ಉಗುರಿನಿಂದ ಮೇಲೆತ್ತಲು ನೋಡಿದ.

"ಭೇಷ್! ದಾರೀಲಿ ಯಾರೂ ಓದಿಲ್ಲ, ಒಂದಕ್ಷರಾನೂ ಕೆಟ್ಟಿಲ್ಲ. ನಿಮ್ಮ ವಿಜ್ಞಾನ ನನಗೆ ಇಷ್ಟು ಸ್ಪಷ್ಟವಾಗಿ ಯಾವತ್ತೂ ಅರ್ಥವಾಗಿರಲಿಲ್ಲ. ಇವತ್ತೇ ಕಾಯಂ ಮಾಡ್ತೀನಿ."

"ಸಾರ್... ನನ್ನನ್ನಾ?"

"ಯಂತ್ರಾನ," ಎಂದರು ನಿರ್ದೇಶಕರು.